ಫಾರ್ವರ್ಡ್ ಆಟಗಾರ್ತಿಯನ್ನು ಊಟದ ಮೇಜಿನ ಬಳಿ ವಿಮರ್ಶಿಸುವ ಕುರಿತು

ಗೃಹಾಡಳಿತ ಇಲಾಖೆ
(ಅಡುಗೆಮನೆ ವಿಭಾಗ)

ಸಂಖ್ಯೆ: ಗೃಆಇ/ಅಮವಿ/ಚೆಂಡು/೭

ಸುತ್ತೋಲೆ

ವಿಷಯ: ಮನೆಯ ಮಗಳೂ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದ ಫಾರ್ವರ್ಡ್ ಆಟಗಾರ್ತಿಯೂ ಆದ 'ಕೊಕ್ಕರೆ'ಯ ಆಟದ ಶೈಲಿ, ಬಲ ಮತ್ತು ದೋಷಗಳ ಬಗ್ಗೆ ಅಭಿಪ್ರಾಯ ಮಂಡಿಸುವ ವಿಧಾನ.

ಉಲ್ಲೇಖ: (ಅ) ಕಳೆದ ಶನಿವಾರದ ಪಂದ್ಯ (ಸೋಲು).
(ಆ) ಅಂದಿನ ಊಟದ ವೇಳೆ ತಂದೆ, ಸೋದರಮಾವ ಮತ್ತು ಅಜ್ಜಿ ನೀಡಿದ ಮೌಖಿಕ ಹೇಳಿಕೆಗಳು.

ಉಲ್ಲೇಖ (ಆ)ರ ಹೇಳಿಕೆಗಳ ತರುವಾಯ ಸದರಿ ಆಟಗಾರ್ತಿಯು ತಟ್ಟೆಯನ್ನು ತನ್ನ ಕೋಣೆಗೆ ಒಯ್ದು ಉಣ್ಣುತ್ತಿರುವುದೂ, ಅರ್ಧ ಊಟ ಹಾಗೆಯೇ ಮರಳಿ ಬರುತ್ತಿರುವುದೂ ಪಾತ್ರೆ ತೊಳೆಯುವಾಗ ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಬರುವ ಭಾನುವಾರದ ಪಂದ್ಯ ನೋಡಿಯೇ ಆಕೆಯನ್ನು ಮುಂದಿನ ವರ್ಷ ಉಳಿಸಿಕೊಳ್ಳುವುದೋ ಬಿಡುವುದೋ ಎಂದು ತಂಡದವರು ತೀರ್ಮಾನಿಸಲಿದ್ದಾರೆ. ಹಸಿದ ಫಾರ್ವರ್ಡ್‌ನಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಮನಗಂಡು, ಮನೆಯ ಎಲ್ಲ ವಿಮರ್ಶಕರಿಗೂ ಕೆಳಕಂಡಂತೆ ಸೂಚಿಸಲಾಗಿದೆ.

೧. ವಿಮರ್ಶೆಯನ್ನು ಬಾಯಲ್ಲಿ ತುತ್ತು ಇಲ್ಲದಿರುವಾಗ ಮಾತ್ರ ಮಾಡತಕ್ಕದ್ದು. ತುತ್ತು ಮುಗಿದ ಕೂಡಲೇ ಮುಂದಿನದನ್ನು ಬಡಿಸಲು ಇಲಾಖೆಯು ಸೌಟಿನೊಂದಿಗೆ ಸಿದ್ಧವಿರುತ್ತದೆ.

೨. "ಬಾಲ್ ಏನು ಅವಳಪ್ಪನ ಮನೆ ಆಸ್ತೀನಾ? ಒಬ್ರಿಗೂ ಕೊಡಲ್ವಲ್ಲ!" ಎಂಬ ಹೇಳಿಕೆಯನ್ನು ಪರಿಶೀಲಿಸಲಾಯಿತು. ಹೇಳಿದವರು ಸ್ವತಃ ಅವಳಪ್ಪನೇ ಆಗಿರುವುದರಿಂದ ಆಸ್ತಿಯ ವಿವರವನ್ನು ಅವರೇ ಒದಗಿಸತಕ್ಕದ್ದು. ಚೆಂಡು ಕೈಗೆ ಸಿಕ್ಕರೆ ಜೊತೆಯವರನ್ನು ಮರೆಯುತ್ತಾಳೆ ಎಂಬ ದೂರು ಭಾಗಶಃ ನಿಜ. ಆದರೆ ಟಿವಿ ರಿಮೋಟನ್ನು ನಿದ್ದೆಯಲ್ಲೂ ಬಿಡದವರು ಅದನ್ನು ಸಲ್ಲಿಸಲು ಅರ್ಹರಲ್ಲ.

೩. "ರಿಂಗ್ ಇರೋದು ಕೆಳಗೆ ಕಣೇ ಕೊಕ್ಕರೆ, ಚಂದ್ರಂಗೆ ಯಾಕೆ ಎಸೀತೀಯಾ?" ಎಂಬ ಸೋದರಮಾವನ ಪ್ರಶ್ನೆಗೆ ಸಂಬಂಧಿಸಿದಂತೆ: ಎಸೆತ ಎತ್ತರ ಹೋಗುವುದು ನಿಜ. ಆಕೆ ಚಿಕ್ಕವಳಿದ್ದಾಗ ಹಿತ್ತಿಲ ಗೋಡೆಗೆ ರಿಂಗ್ ಬಡಿದವರು ವೃತ್ತಿಯಿಂದ ಟೈಲರ್ ಆದ ತಂದೆ. ಮಕ್ಕಳ ಬಟ್ಟೆ ಹೊಲಿಯುವ ರೂಢಿಯಂತೆ "ಬೆಳೆಯೋ ಮಗು, ಸ್ವಲ್ಪ ಜಾಸ್ತೀನೇ ಇರ್ಲಿ" ಎಂದು, ನಿಯಮದ ಎತ್ತರಕ್ಕೆ ಒಂದು ಗೇಣು ಸೇರಿಸಿ ಬಡಿದಿರುತ್ತಾರೆ. ಮಗು ಬೆಳೆಯಿತು, ರಿಂಗನ್ನು ಮಡಿಚಿ ಹೊಲಿಯಲು ಬರಲಿಲ್ಲ. ಆದ್ದರಿಂದ ಎಸೆತ ತಪ್ಪಿದಾಗಲೂ, ರಿಂಗಿಗೆ ತಾಗಿ ಮರಳಿದ ಚೆಂಡನ್ನು ಆಕೆ ಎಲ್ಲರ ತಲೆಯ ಮೇಲೆ ಹಾರಿ ಹಿಡಿದಾಗಲೂ ತಂದೆಯ ಕಡೆಗೇ ನೋಡತಕ್ಕದ್ದು. ಎರಡೂ ಅದೇ ಗೇಣಿನ ಫಲ.

೪. ರಿಂಗಿಗೆ ಬೆನ್ನು ಹಾಕಿ, ಎದುರಾಳಿಯನ್ನು ಭುಜದಿಂದ ಒತ್ತುತ್ತ ಹಿಂದೆ ಸರಿಯುವುದು ಫಾರ್ವರ್ಡ್‌ನ ಕೆಲಸವೇ ಹೊರತು ಜಗಳವಲ್ಲ. "ಅಯ್ಯೋ, ಆ ಹುಡುಗೀನ ಯಾಕೆ ಹಂಗೆ ತಳ್ತಾಳೆ, ಪಾಪ, ಅವಳೂ ಯಾರದೋ ಮನೆ ಮಗಳಲ್ವಾ?" ಎಂದು ಎದುರು ತಂಡಕ್ಕಾಗಿ ಮರುಗುವುದನ್ನು ಅಜ್ಜಿಯವರು ವಿರಾಮದ ವೇಳೆಗೆ ಸೀಮಿತಗೊಳಿಸತಕ್ಕದ್ದು.

೫. ಎಲೆಕೋಸು ಬಳಸಿ ಪ್ರಾತ್ಯಕ್ಷಿಕೆ ನೀಡುವುದನ್ನು ನಿಷೇಧಿಸಲಾಗಿದೆ. ಸೋದರಮಾವ ಶನಿವಾರ ಎಸೆದ ಎಲೆಕೋಸು ಫ್ರಿಜ್ಜಿನ ಹಿಂದೆ ಪತ್ತೆಯಾಗಿದೆ.

೬. ಜಿಗಿತವನ್ನು ಟೀಕಿಸಬಯಸುವವರು ಮೊದಲು ತಾವೇ ಜಿಗಿದು ಅಟ್ಟದ ಮೇಲಿನ ಡಬ್ಬಿಯನ್ನು ಮುಟ್ಟಿ ತೋರಿಸತಕ್ಕದ್ದು. ಮೊಣಕಾಲಿನ ಎಣ್ಣೆಯನ್ನು ಅರ್ಜಿದಾರರೇ ತರತಕ್ಕದ್ದು. ಡಬ್ಬಿ ಬಿದ್ದರೆ ಗುಡಿಸುವುದೂ ಅವರೇ.

೭. ಬಲಗಳ ಬಗ್ಗೆ ಮಾತನಾಡಲು ಯಾವ ನಿರ್ಬಂಧವೂ ಇಲ್ಲ. ಆದರೂ ಈವರೆಗೆ ಒಂದು ಹೇಳಿಕೆಯೂ ಸ್ವೀಕೃತವಾಗಿಲ್ಲ. ಹೀಗಿರುವಾಗ ತಂದೆಯವರು ಮಗಳ ಫೋಟೋವನ್ನು ಅಂಗಡಿಯ ಕನ್ನಡಿ ಪಕ್ಕ ಅಂಟಿಸಿಕೊಂಡು, ಪ್ಯಾಂಟಿನ ಅಳತೆಗೆ ಬಂದವರಿಗೆಲ್ಲ "ನನ್ ಮಗಳು ಹಾರಿದ್ರೆ ಯಾರಿಗೂ ಮುಟ್ಟಕ್ಕಾಗಲ್ಲ ಕಣ್ರೀ" ಎನ್ನುತ್ತಿರುವುದು ವಿಶ್ವಸನೀಯ ಮೂಲಗಳಿಂದ ತಿಳಿದುಬಂದಿದೆ. ಸದರಿ ಹೇಳಿಕೆಯನ್ನು ಗಿರಾಕಿಗಳಿಂದ ಹಿಂಪಡೆಯುವ ಅಗತ್ಯವಿಲ್ಲ. ಭಾನುವಾರದೊಳಗೆ ಆಟಗಾರ್ತಿಯ ಎದುರು, ಖುದ್ದಾಗಿ, ಒಮ್ಮೆ ಮರುಸಲ್ಲಿಸಿದರೆ ಸಾಕು.

ಸಹಿ/-
ಅಧೀಕ್ಷಕಿ, ಅಡುಗೆಮನೆ ವಿಭಾಗ
ಹಾಗೂ ತಾಯಿ (ಹೆಚ್ಚುವರಿ ಪ್ರಭಾರ)

ಪ್ರತಿಗಳು:
– ತಂದೆಯವರಿಗೆ, ಅಂಗಡಿಯಲ್ಲೇ, ಕೈಯಾರೆ.
– ಸೋದರಮಾವನಿಗೆ, ಪಾಲನೆಗಾಗಿ. ನಗುವುದಕ್ಕಲ್ಲ.
– ಅಜ್ಜಿಯವರಿಗೆ, ಗಟ್ಟಿಯಾಗಿ ಓದಿ ಹೇಳಲಾಗಿದೆ.
– ತಂಡದ ತರಬೇತುದಾರರಿಗೆ: ಕಳುಹಿಸುವ ಮನಸ್ಸಿತ್ತು, ಮಗಳ ಮಾನದ ದೃಷ್ಟಿಯಿಂದ ತಡೆಹಿಡಿಯಲಾಗಿದೆ.
– ಫಾರ್ವರ್ಡ್ ಆಟಗಾರ್ತಿಗೆ, ಬಾಗಿಲ ಸಂದಿಯಿಂದ. ಹೊರಗೆ ಗಂಟಲು ಸರಿಮಾಡಿಕೊಳ್ಳುತ್ತ ನಿಂತಿರುವವರು ಅಪ್ಪ. ಅವರಿಗೆ ಮಾತು ಹೊರಡಲು ಸಮಯ ಹಿಡಿಯುವುದರಿಂದ ಬಾಗಿಲನ್ನು ತಾವೇ ತೆರೆಯತಕ್ಕದ್ದು.