ನಡುವೆ ಗುಂಪು, ಗೋಡೆ ಖಾಲಿ

ಎಲ್ಲ ಎಡವಟ್ಟಿಗೂ ಕಾರಣ ಪ್ರೊಫೆಸರ್ ಲಾರ್ಬಿಯವರ ಒಂದು ಹಟ. ಸೂಕ್ಷ್ಮದರ್ಶಕದಲ್ಲಿ ಏನು ಕಾಣಬೇಕೆಂದು ಅವರು ಯಾರ ಮುಂದೆಯೂ ಮೊದಲೇ ಬಾಯಿ ಬಿಡುತ್ತಿರಲಿಲ್ಲ. "ಹೇಳಿದ್ರೆ ನಿಮ್ಮ ಕಣ್ಣು ಅದನ್ನೇ ಹುಡುಕುತ್ತೆ" ಎನ್ನುವುದು ಅವರ ವಾದ. ಆ ದಿನ ಬೆಳಿಗ್ಗೆಯೂ ಅಷ್ಟೆ. ಬೆಕ್ಕಿನಷ್ಟು ದಪ್ಪದ ಗ್ರಾಸ್‌ಕಟರ್ ಇಲಿಯ ಒಂದು ಕಣ್ಣನ್ನು ಎಲಿಕೆಮ್‌ನ ಕೈಗಿತ್ತು, "ತೆಳ್ಳಗೆ ಕೊಯ್ದು ಬಣ್ಣ ಹಾಕಿಡು, ಊಟ ಮುಗಿಸಿ ನೋಡ್ತೀನಿ" ಎಂದು ಮೀಟಿಂಗಿಗೆ ಹೊರಟುಬಿಟ್ಟರು.

ಅಕ್ರಾದ ಆ ಲ್ಯಾಬಿನಲ್ಲಿ ಎಲಿಕೆಮ್ ಇನ್ನೂ ಪ್ರೊಬೇಷನ್‌ನಲ್ಲಿದ್ದ ಸಹಾಯಕ. ಈ ಸ್ಲೈಡು ಚೆನ್ನಾಗಿ ಬಂದರೆ ಕೆಲಸ ಕಾಯಂ. ಇಲ್ಲದಿದ್ದರೆ ಹೋ ಪಟ್ಟಣದಲ್ಲಿ ಭಾವನ ಸಿಮೆಂಟ್ ಅಂಗಡಿಯೇ ಗತಿ. ಭಾವನಿಗೆ ಅವನ ಮೇಲೆ ಎಷ್ಟು ಭರವಸೆಯೆಂದರೆ ಈಗಾಗಲೇ ಒಂದು ಸ್ಟೂಲು ತೆಗೆದಿಟ್ಟಿದ್ದ.

ಕಣ್ಣಿನಿಂದ ಬಂದದ್ದು ಮೂರೇ ಒಳ್ಳೆಯ ತುಣುಕು. ಉಳಿದವು ಹೊಸ ಕೈಗೆ ಸಿಕ್ಕಿ ಚಿಂದಿಯಾಗಿದ್ದವು. ಎಲಿಕೆಮ್ ಮೊದಲ ತುಣುಕನ್ನು ನೋಡಿ, ಮಸೂರ ಒರೆಸಿ ಮತ್ತೊಮ್ಮೆ ನೋಡಿದ.

ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ಕ್ರೊಮ್ಯಾಟಿನ್ ಎಂಬ ನೂಲಿನ ರಾಶಿ ಇರುತ್ತದೆ. ಕೆಲಸವಿಲ್ಲದೆ ಬಿಗಿಯಾಗಿ ಸುತ್ತಿಕೊಂಡ ನೂಲು ಅಂಚಿನ ಗೋಡೆಗೆ ಆತುಕೊಂಡಿರುತ್ತದೆ, ದುಡಿಯುವ ನೂಲು ನಡುವೆ ಸಡಿಲವಾಗಿ ಹರಡಿರುತ್ತದೆ. ಸತ್ತವರನ್ನು ಕುಣಿದೇ ಕಳಿಸಿಕೊಡುವ ಅಲ್ಲಿನ ಸಾವಿನ ಮನೆಯ ಶಾಮಿಯಾನದಲ್ಲಿ ಕುಣಿಯುವವರು ನಡುವೆ ಕುಣಿದರೆ ಸೋಮಾರಿಗಳು ಅಂಚಿನ ಕಂಬಕ್ಕೊರಗಿ ನಿಲ್ಲುವುದಿಲ್ಲವೇ, ಹಾಗೆ. ಎಲಿಕೆಮ್ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಆದರೆ ಇಲ್ಲಿ ಸೋಮಾರಿಗಳೆಲ್ಲ ನಟ್ಟನಡುವೆ ಮುದ್ದೆಯಾಗಿ ಕೂತಿದ್ದರು. ಗೋಡೆಯ ಬಳಿ ನರಪಿಳ್ಳೆಯೂ ಇರಲಿಲ್ಲ.

"ಅಯ್ಯೋ" ಎಂದ. ಅಷ್ಟು ಸಾಕಾಯಿತು. ಸೂಕ್ಷ್ಮದರ್ಶಕ ನೋಡಿಕೊಳ್ಳುವ ನೀ ಟೆಟ್ಟೆ ಎಂಬವನು ತಲೆ ತೂರಿಸಿದ.

"ಏಯ್ ಚಾಲೆ, ಗೆಳೆಯಾ! ಉಪ್ಪುನೀರು ಜಾಸ್ತಿ ಹಾಕಿದ್ಯಾ? ಪಾಪ, ಒಳಗೆಲ್ಲ ಮುದುರ್ಕೊಂಡಿದೆ."

"ಅಳತೆ ನೋಡೇ ಹಾಕಿದ್ದು ಅಣ್ಣ."

"ಅಳತೆ ನೋಡಿದ್ರೆ ಹಿಂಗಾಗುತ್ತಾ? ತೊಳಿ, ತೊಳಿ!"

ತೊಳೆದ ರಭಸಕ್ಕೆ ತುಣುಕು ಸಿಂಕಿನ ಪಾಲಾಯಿತು. ಎರಡನೆಯದರಲ್ಲೂ ಅದೇ ಮುದ್ದೆ. ಹಿರಿಯ ಸಂಶೋಧಕಿ ಒಫೊರಿವಾ ಬಂದು, "ಉಪ್ಪಲ್ಲ, ಬಿಸಿ ಸಾಲದು. ಇಲ್ಲಿ ಕೊಡು" ಎಂದು ತಾನೇ ಬಿಸಿಮಾಡಿದಳು. ತುಣುಕು ಕರಿದ ಬಾಳೆಕಾಯಿಯಂತೆ ಸುರುಳಿ ಸುತ್ತಿಕೊಂಡಿತು. ಮೂರನೆಯದರಲ್ಲೂ ಮುದ್ದೆಯೇ. ಉಪ್ಪೋ ಬಿಸಿಯೋ ಎಂದು ಇಬ್ಬರೂ ಕಿತ್ತಾಡುವಾಗ ಯಾರದೋ ಮೊಣಕೈ ತಗುಲಿ ಸ್ಲೈಡು ಕೆಳಗೆ ಬಿತ್ತು. ಅದರ ಮೇಲೆ ನೀ ಟೆಟ್ಟೆಯ ಬೂಟು ಬಿತ್ತು.

"ಸದ್ಯ, ಗಾಜು ಚುಚ್ಚಲಿಲ್ಲ" ಎಂದು ಅವನು ಸಮಾಧಾನ ಹೇಳಿದ, ತನಗೆ.

"ಫೋಟೊನಾದ್ರೂ ತೆಗೆದಿದ್ಯಾ?" ಎಂದಳು ಒಫೊರಿವಾ.

"ಕೆಟ್ಟುಹೋದದ್ದರ ಫೋಟೊ ಯಾಕೆ ಅಕ್ಕ..."

"ಅಳ್ಬೇಡ. ನನ್ನ ಹಳೇ ಲಿವರ್ ಸ್ಲೈಡ್ ಇದೆ, ಬಿಗಿ ನೂಲೆಲ್ಲ ಅಂಚಲ್ಲೇ ಅಚ್ಚುಕಟ್ಟಾಗಿ ಕಾಣುತ್ತೆ. ಒಂದೇ ನ್ಯೂಕ್ಲಿಯಸ್ಸಿಗೆ ಗುರಿ ಇಟ್ಟು ತೋರಿಸ್ಬಿಡು, ಲಿವರ್ ಅಂತ ಗೊತ್ತಾಗಲ್ಲ. ಇವತ್ತು ಕೆಲಸ ಉಳಿಸ್ಕೋ, ಸತ್ಯ ನಾಳೆ ನೋಡ್ಕೊಳ್ಳುವಿಯಂತೆ."

ಊಟ ಮುಗಿಸಿ ತೃಪ್ತಿಯಿಂದ ಬಂದ ಪ್ರೊಫೆಸರು ಎಲಿಕೆಮ್ ಇಟ್ಟ ಲಿವರ್ ಸ್ಲೈಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಭುಜ ಕುಸಿಯಿತು.

"ನಂದೇ ಹುಚ್ಚು ಬಿಡು. ರಾತ್ರಿ ಓಡಾಡೋ ಇಲಿಗಳ ಕಣ್ಣಲ್ಲಿ ಇದೆಲ್ಲ ತಿರುಗುಮುರುಗು ಇರುತ್ತೆ. ಬಿಗಿ ನೂಲು ನಡುವೆ, ಅಂಚು ಖಾಲಿ. ಕತ್ತಲಲ್ಲಿ ಸಿಕ್ಕ ಚೂರು ಬೆಳಕೂ ಒಳಗೆ ದಾಟಲಿ ಅಂತ. ನಮ್ಮ ಗ್ರಾಸ್‌ಕಟರಲ್ಲೂ ಹಂಗೇ ಇರಬಹುದು ಅಂತ ಎಷ್ಟು ವರ್ಷದಿಂದ ಆಸೆ ಇಟ್ಕೊಂಡಿದ್ದೆ!"

ಮುದುಕ ಪ್ರೊಫೆಸರರ ಮುಖ ನೋಡಲಾಗದೆ ಎಲಿಕೆಮ್ ಸಿಂಕು, ಬಿಸಿ, ಬೂಟು, ಲಿವರು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ.

"ನಡುವೆ ಇತ್ತಾ? ಕಣ್ಣಾರೆ ನೋಡಿದ್ಯಾ?"

"ಮೂರರಲ್ಲೂ, ಪ್ರೊಫ್."

ಪ್ರೊಫೆಸರು ಅವನನ್ನು ತಬ್ಬಿಕೊಂಡರು. "ಸುಳ್ಳು ಹೇಳಿದ್ದಕ್ಕೆ ಆಮೇಲೆ ಬೈತೀನಿ. ಪ್ರಾಣಿಗೆ ಎರಡು ಕಣ್ಣಲ್ವೇನೋ? ಇಡೀ ಇಲಿನ ಕೆಳಗೆ ಫ್ರಿಜ್ಜಲ್ಲಿ ಇಡಿಸಿದೀನಿ. ಓಡು, ಇನ್ನೊಂದನ್ನ ತಾ. ಕೆಲಸ ನಿಂದೇ!"

ಎಲಿಕೆಮ್ ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದ. ಫ್ರಿಜ್ಜು ಖಾಲಿ. ಪಕ್ಕದ ಕ್ಯಾಂಟೀನಿನಲ್ಲಿ ಆಂಟಿ ಮಾಕು ದೊಡ್ಡ ಪಾತ್ರೆ ಉಜ್ಜುತ್ತಿದ್ದಳು.

"ಆ ಗ್ರಾಸ್‌ಕಟರಾ ಮಗಾ? ಎಲ್ರೂ ಬಾಯಿ ಚಪ್ಪರಿಸೋ ಮಾಂಸ, ಸುಮ್ನೆ ಹಾಳಾಗುತ್ತಲ್ಲ ಅಂತ ಸೂಪ್ ಮಾಡ್ಬಿಟ್ಟೆ. ಪ್ರೊಫ್ ಸುಸ್ತಾಗಿ ಬಂದಿದ್ರು, ತಲೆ ಅವ್ರ ತಟ್ಟೆಗೇ ಬಡಿಸ್ದೆ. ಕಣ್ಣೇ ಮೊದಲು ತಿಂದ್ರು ನೋಡು! ಆದ್ರೆ ಒಂದೇ ಇದೆಯಲ್ಲ, ಇನ್ನೊಂದನ್ನ ಯಾರು ನುಂಗಿದ್ರು ಅಂತ ಬೇಜಾರು ಮಾಡ್ಕೊಂಡ್ರಪ್ಪ."

ಎಲಿಕೆಮ್ ಕಾಲೆಳೆದುಕೊಂಡು ಮೇಲೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪ್ರೊಫೆಸರು ಒಮ್ಮೆ ಹೊಟ್ಟೆ ಸವರಿಕೊಂಡರು, ಒಮ್ಮೆ ಕಿಟಕಿಯಾಚೆ ನೋಡಿದರು. ಕೊನೆಗೆ ಗಂಭೀರವಾಗಿ ತಲೆಯಾಡಿಸಿದರು.

"ಇಂಥಾ ಅಮೂಲ್ಯ ವಸ್ತುನ ಯಾವನೋ ತಿಂದು ಹೋಗೋ ಹಾಗೆ ಬಿಟ್ಟವನಿಗೆ ನಾನು ಹೆಂಗಪ್ಪ ಕೆಲಸ ಕೊಡ್ಲಿ?" ಎಂದು ಹಲ್ಲಿನ ಸಂದಿಗೆ ಕಡ್ಡಿ ಹಾಕಿದರು.