ರಜೆಯ ದಿನದ ಪೊಲೀಸಪ್ಪ

ನಮ್ಮ ಕನ್ನಡ ಬಳಗ ಯಾವ ಹಾಲ್ ಬಾಡಿಗೆಗೆ ಹಿಡಿದರೂ ಕಾವಲಿಗೆ ಒಬ್ಬ ಪೊಲೀಸ್ ಇರಲೇಬೇಕೆಂದು ಹಾಲ್ ಮಾಲೀಕರ ಹಟ. ಈ ಪರದೇಶದ ಪೊಲೀಸರು ರಜೆಯ ದಿನ ಅದೇ ಯೂನಿಫಾರಂನಲ್ಲಿ ಇಂಥ ಖಾಸಗಿ ಕೆಲಸಕ್ಕೆ ಬರುತ್ತಾರೆ. ಅವರು ಡ್ಯೂಟಿಯಲ್ಲಿದ್ದಾರೋ ಇಲ್ಲವೋ ಎಂಬುದು ನಮ್ಮವರಿಗೆ ಇವತ್ತಿಗೂ ಅರ್ಥವಾಗಿಲ್ಲ. ನನಗೂ ಅಷ್ಟಕ್ಕಷ್ಟೆ. ಆದರೂ ಪ್ರತಿ ಸಲ "ಪೊಲೀಸರನ್ನ ನೀವು ನೋಡ್ಕೊಳ್ಳಿ" ಅಂತ ನನ್ನನ್ನೇ ಹಚ್ಚುತ್ತಾರೆ.

೧. ಪಾರ್ಕಿಂಗ್

ಶಾಮ್‌ಬರ್ಗ್‌ನಲ್ಲಿ ಯುಗಾದಿ. ಪೊಲೀಸಪ್ಪ ಗೇಟಿನಲ್ಲಿ ನಿಂತು ಮೊದಲ ಕಾರಿಗೆ ಪಕ್ಕಕ್ಕೆ ಹೋಗಲು ಕೈ ತೋರಿಸಿದ. ಒಳಗಿದ್ದ ಅಂಕಲ್ ಕಾರು ನಿಲ್ಲಿಸಿ, ಗಾಜು ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತುಬಿಟ್ಟರು. ದಂಡದ ಟಿಕೆಟ್ ಬರೆಯಲು ಪೊಲೀಸ್ ತಡೆದರೆ ಇಲ್ಲಿ ಹಾಗೇ ಕೂರಬೇಕು. ಅವರನ್ನು ನೋಡಿ ಹಿಂದಿನ ಕಾರುಗಳವರೂ ಹಾಗೇ ಕೂತರು. ನಾನು ಓಡಿಹೋಗಿ, "ಅಂಕಲ್, ಪಾರ್ಕಿಂಗ್ ತೋರಿಸ್ತಿದಾರೆ ಅಷ್ಟೆ, ನಡೀರಿ" ಅಂದೆ.

ತುಟಿ ಅಲ್ಲಾಡಿಸದೆ ಹೇಳಿದರು: "ನೀನು ಸುಮ್ನಿರಪ್ಪ. ಟಿಕೆಟ್ ಕೊಡ್ಲಿ, ತಗೊಂಡೇ ಹೊರಡ್ತೀನಿ."

೨. ಊಟದ ಬಾಗಿಲು

ಅವತ್ತೇ, ಪೂಜೆ ಮುಗಿಯುವ ತನಕ ಕಮಿಟಿಯವರನ್ನು ಬಿಟ್ಟು ಯಾರನ್ನೂ ಊಟದ ಹಾಲಿಗೆ ಬಿಡಬೇಡಿ ಅಂತ ಪೊಲೀಸಪ್ಪನಿಗೆ ಹೇಳಿದ್ದೆ. ಮಂಗಳಾರತಿ ಮುಗಿಸಿ ಬಂದರೆ ಒಬ್ಬಟ್ಟಿನ ತಟ್ಟೆ ಖಾಲಿ.

"ಬಂದವರೆಲ್ಲ ಕಮಿಟಿ ಅಂದರು" ಎಂದು ಪಾಪ, ತಲೆ ಕೆರೆದುಕೊಂಡ. "ಇಷ್ಟು ಜನ ಕಮಿಟಿ ಇದ್ದೂ ಬಾಗಿಲು ಕಾಯೋಕೆ ನನ್ನನ್ನ ಯಾಕೆ ಕರೆದಿರಿ?"

೩. ಕಾಶಿಯಾತ್ರೆ

ಇದು ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿ, ನನ್ನ ಅಕ್ಕನ ಮಗಳ ಮದುವೆಯಲ್ಲಿ. ಪೊಲೀಸಪ್ಪ ಬೇರೆ, ನೋಡಿಕೊಳ್ಳುವವನು ಮಾತ್ರ ನಾನೇ. ಮದುಮಗ ಇಲ್ಲೇ ಹುಟ್ಟಿ ಬೆಳೆದವನು. "ಕಾಶಿಗೆ ಹೊರಟೆ ಅಂತ ಬಾಗಿಲ ತನಕ ನಡಿ. ಮಾವ ಬೇಡಿಕೊಳ್ಳೋ ತನಕ ಒಪ್ಪಬೇಡ" ಅಂತ ಪುರೋಹಿತರು ಹೇಳಿಕೊಟ್ಟಿದ್ದರು. ಹುಡುಗ ಛತ್ರಿ ಹಿಡಿದು ಹೊರಟ. ಧಾರವಾಡದ ನಮ್ಮ ಭಾವ ಹುಡುಗಿಯ ಅಪ್ಪನಾಗಿ ಅವನ ಕೈ ಹಿಡಿದು ಎಳೆದರು. ಪೊಲೀಸಪ್ಪ ನಡುವೆ ಬಂದು ನಿಂತ.

"ಬಿಡಿ ಅವರನ್ನ. ಎಲ್ಲಿಗೆ ಹೊರಟಿದ್ದಾರೆ?"

"ಕಾಶಿಗೆ," ಅಂದೆ. "ಇಂಡಿಯಾದಲ್ಲಿದೆ."

"ಛತ್ರಿ ಒಂದೇ ಹಿಡಿದುಕೊಂಡು?"

"ಶಾಸ್ತ್ರ ಸರ್. ಪ್ರತಿ ಮದುವೆಯಲ್ಲೂ ಗಂಡು ಹೀಗೇ ಹೊರಡ್ತಾನೆ."

"ಪ್ರತಿ ಮದುವೆಯಲ್ಲೂ?" ಅವನ ಮುಖ ಇನ್ನಷ್ಟು ಬಿಗಿಯಾಯಿತು. ಮದುಮಗನ ಕಡೆ ತಿರುಗಿ, "ನಿಮಗೆ ಹೋಗಬೇಕಾ ಸರ್?" ಅಂದ.

ಹುಡುಗ ಮಾವನನ್ನು ನೋಡಿದ. ಮಾವ ಇನ್ನೂ ಬೇಡಿಕೊಂಡಿರಲಿಲ್ಲ. "ಯೆಸ್ ಆಫೀಸರ್."

ಪೊಲೀಸಪ್ಪ ಅವನನ್ನು ಕಾರಿನ ತನಕ ಕರೆದೊಯ್ದ. ಭಾವನಿಗೆ ನಿಜಕ್ಕೂ ಬೆವರು ಕಿತ್ತುಬಂತು. "ಏ, ಮುಹೂರ್ತ ಮೀರ್ಲಿಕ್ಕತ್ತದೋ! ಮಗಳನ್ನ ಕೊಡ್ತೀನಿ, ಬಾರಪಾ!" ಎಂದು ಹಿಂದೆಯೇ ಓಡಿದರು. ನಾನು ಬುದ್ಧಿವಂತ, ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಪೊಲೀಸಪ್ಪ ಇನ್ನಷ್ಟು ಪೊಲೀಸರನ್ನು ಕರೆಯಲು ರೇಡಿಯೋಗೆ ಕೈ ಹಾಕಿದ. ಹುಡುಗ "ಈಗ ಮದುವೆ ಆಗ್ತೀನಿ" ಅಂದರೆ ಅವನು ನಂಬಬೇಕಲ್ಲ! "ಹೆದರಬೇಡಿ ಸರ್, ನಾನಿದ್ದೀನಿ. ಕಾರು ತೆಗೀರಿ" ಅಂದ.

ಹುಡುಗ ಸೊಂಟ ತಡಕಿದ. ಪಂಚೆಗೆಲ್ಲಿಯ ಜೇಬು?

ಅಷ್ಟರಲ್ಲಿ ಮದುಮಗಳು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. "ಆಫೀಸರ್, ಅವನು ಬೇಕಾದ್ರೆ ಕಾಶಿಗೆ ನಡ್ಕೊಂಡು ಹೋಗ್ಲಿ. ಕೀ ನನ್ನ ಹತ್ರ ಇದೆ."

ಪೊಲೀಸಪ್ಪ ಅವಳನ್ನು ನೋಡಿದ. ಹುಡುಗನ ಬರಿಗಾಲು ನೋಡಿದ. ಆಮೇಲೆ ನಿಧಾನವಾಗಿ ರೇಡಿಯೋದಿಂದ ಕೈ ತೆಗೆದ.

"ಸಾರಿ ಸರ್, ಇದರಲ್ಲಿ ನಾನೇನೂ ಮಾಡೋ ಹಾಗಿಲ್ಲ. ಒಳಗೆ ನಡೀರಿ."