ಮರಿಸ್ವಾಮಿಯ ಜರ್ಮನ್ ವಿನಂತಿ

ಮರಿಸ್ವಾಮಿಗೆ ಜರ್ಮನ್ ಭಾಷೆಯ ಮೇಲೆ ಮೋಹ ಹುಟ್ಟಿದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಸಿಂಧನೂರಿನ ಕಾಲುವೆ ಕ್ಯಾಂಪಿನ ಸ್ಟೋರಿನಲ್ಲಿ ನಟ್ಟುಬೋಲ್ಟುಗಳ ನಡುವೆ ಕೂತಿದ್ದಾಗ. ಮಣ್ಣು ಅಗೆಯುವ ಯಂತ್ರದ ಜೊತೆ ಕ್ರೂಗರ್ ಎಂಬ ಜರ್ಮನ್ ಸಾಹೇಬ ಬರುತ್ತಾನೆ, ಅವನಿಗೊಬ್ಬ ದುಭಾಷಿ ಬೇಕು ಎಂದು ಸುದ್ದಿ. ದುಭಾಷಿಗೆ ಜೀಪಿನಲ್ಲಿ ಮುಂದಿನ ಸೀಟು!

ಹೈದರಾಬಾದಿನಿಂದ ಹಳೆಯ ವ್ಯಾಕರಣ ಪುಸ್ತಕ ತರಿಸಿ, ಅಪ್ಪಣೆಯ ಅಧ್ಯಾಯದಿಂದಲೇ ಶುರುಮಾಡಿದ. (ಸಾಹೇಬರ ಜೊತೆ ಬೇರೇನು ಮಾತಿರುತ್ತದೆ?) ಸಲಿಗೆಯವರಿಗೆ ಒಂದು ರೂಪ, ಗುಂಪಿಗೆ ಒಂದು, ದೊಡ್ಡವರಿಗೆ ಮತ್ತೊಂದು. ದೊಡ್ಡವರಿಗಾದರೆ ‘ಝೀ’ ಹಚ್ಚಬೇಕು, ಮೇಲೆ ‘ಬಿಟೆ’ ಎಂದು ವಿನಂತಿಸಬೇಕು.

ಅಭ್ಯಾಸಕ್ಕೆ ಸಿಕ್ಕವಳು ಹೆಂಡತಿ ಜಂಬಮ್ಮ.

“ಕೊಮ್ಮೆನ್ ಝೀ ಬಿಟೆ! ಅಂದ್ರ, ದಯವಿಟ್ಟು ತಾವು ಬರಬೇಕು.”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಹದಿನಾರು ವರ್ಷದ ಸಂಸಾರದಲ್ಲಿ ‘ಏ, ಬಾ ಇಲ್ಲಿ’ ಬಿಟ್ಟು ಬೇರೆ ಕರೆ ಕೇಳಿದವಳಲ್ಲ ಅವಳು.

“ಖರೇ ಹೇಳ್ರಿ, ಏನ್ ಮಾಡಿ ಬಂದೀರಿ? ಇಷ್ಟ್ ಮರ್ಯಾದಿ ಕೊಟ್ರ ನಂಗ ಅಂಜಿಕಿ ಬರ್ತದ!”

ಸಾಹೇಬ ಬಂದ. ಮರಿಸ್ವಾಮಿ ತನ್ನ ಜರ್ಮನ್ ತೋರಿಸಲು ಅವನನ್ನು ಮಧ್ಯಾಹ್ನ ಊಟಕ್ಕೆ ಕರೆತಂದ. ಒಂದು ರೊಟ್ಟಿ ಮುಗಿಯಿತು.

“ನೇಮೆನ್ ಝೀ ಬಿಟೆ,” ಎಂದ ಮರಿಸ್ವಾಮಿ, ತಗೊಳ್ಳಿ ಎನ್ನುವಂತೆ ಬಾಗಿ.

“ನೈನ್, ಡಾಂಕೆ,” ಸಾಹೇಬ ತಾಟಿಗೆ ಕೈ ಅಡ್ಡ ಹಿಡಿದ. ಬೇಡವೆಂದವರನ್ನು ಮತ್ತೆ ಒತ್ತಾಯಿಸುವುದು ಅಸಭ್ಯವೆಂದು ಪುಸ್ತಕ ಹೇಳಿತ್ತು. ಮರಿಸ್ವಾಮಿ ರೊಟ್ಟಿಯ ಬುಟ್ಟಿ ಹಿಂದಕ್ಕೆ ಸರಿಸಿದ.

ಜಂಬಮ್ಮನ ತವರು ಮುದಗಲ್ಲಿನಲ್ಲಿ ಮೊದಲ ಮೂರು ‘ಸಾಕು’ಗಳು ಯಾರ ಕಿವಿಗೂ ಬೀಳುವುದಿಲ್ಲ.

“ಬ್ಯಾಡ ಅಂದ್ರ ಬಿಟ್ಟೇ ಬಿಡ್ತೀರೇನ್ರಿ? ಹಡದವ್ವನ್ನ ಬಿಟ್ಟು ಎಷ್ಟ್ ದೂರ ಬಂದಾನ, ಪಾಪ!” ಎಂದವಳೇ ಸಾಹೇಬನ ಕೈ ಸರಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಸುರಿದಳು. “ಹಾಕ್ಕೋ ಯಪ್ಪಾ! ನಾಚಬ್ಯಾಡ! ಉಣ್ಣು!”

ಐದನೆಯ ಹೋಳಿಗೆಗೆ ಸಾಹೇಬನ ಕಣ್ಣುಗಳು ಒದ್ದೆಯಾದವು. ಅವನ ಅವ್ವನೂ ಹೀಗೇ ಬಡಿಸುತ್ತಿದ್ದಳೇನೋ.

ಮರುದಿನ ಕಾಲುವೆಯ ಏರಿಯ ಮೇಲೆ ನಿಂತು ಸಾಹೇಬ ಯಂತ್ರದ ಡ್ರೈವರ್ ಮೌಲಾಹುಸೇನನಿಗೆ ಕೂಗಿದ: “ಹಾಕ್ಕೋ ಯಪ್ಪಾ! ನಾಚಬ್ಯಾಡ!” ಯಂತ್ರ ಬಕೆಟ್ಟು ತುಂಬ ಮಣ್ಣು ಎತ್ತಿತು, ಕೂಲಿಯವರು ನಕ್ಕು ನಕ್ಕು ಕೆಲಸ ಮಾಡಿದರು. ದುಭಾಷಿ ಬೇಡವೆಂದು ಸಾಹೇಬ ಬರೆದುಕೊಟ್ಟ. ಬೇಕಾದದ್ದು ಒಂದೇ: ದಿನಾ ಮಧ್ಯಾಹ್ನ ಜಂಬಮ್ಮನ ಬುತ್ತಿ.

ಜೀಪಿನ ಮುಂದಿನ ಸೀಟಿನಲ್ಲಿ ಈಗ ಮೌಲಾಹುಸೇನ ಕೂರುತ್ತಾನೆ. ಬುತ್ತಿ ಒಯ್ಯಲು ಮರಿಸ್ವಾಮಿ, ಸೈಕಲ್ಲಿನ ಮೇಲೆ.

“ಬಿಟೆ, ಒಂದ್ ವಾಟಿ ಚಾ...” ಎಂದು ಅವನು ಬಾಯಿ ತೆರೆಯುತ್ತಿದ್ದಂತೆ ಒಳಗಿನಿಂದ ಜಂಬಮ್ಮನ ದನಿ ಬಂತು:

“ಚಾ ಆಮ್ಯಾಲ! ರೊಟ್ಟಿ ಆರಾಕತ್ತಾವ, ಓಡ್ರಿ!”

ಗೌರವದ ‘ರಿ’ ಇತ್ತು. ಮರಿಸ್ವಾಮಿ ಅದನ್ನು ವಿನಂತಿ ಎಂದೇ ತಿಳಿದು, ಪೆಡಲು ತುಳಿದ.